ಹತ್ತಿ ಇಳಿದ ಘಟ್ಟ, ಗಾಯಾಳು ಏರುವ ಘಟ್ಟ

2021ರ ಜುಲೈ 22 ಮತ್ತು 23. ಪುಷ್ಯ ಮಳೆ ಹಿಡಿದಿತ್ತು. ನಮ್ಮ ಕಡೆಯ ಹಿರಿಯರು ಮಳೆಗಾಲವನ್ನು ತಿಂಗಳಿನಿಂದ ಲೆಕ್ಕ ಹಾಕುವುದಿಲ್ಲ, ನಕ್ಷತ್ರದಿಂದ ಹಾಕುತ್ತಾರೆ. ಪುನರ್ವಸು, ಪುಷ್ಯ ಅಂದರೆ ಸಾಕು, ಹೊಳೆ ಎಲ್ಲಿಯವರೆಗೆ ಬಂತು, ಸಂಕ ಉಳಿದಿದೆಯೇ ಎಂದು ಕೇಳಲು ಶುರು ಮಾಡುತ್ತಾರೆ. ಆ ಎರಡು ದಿನಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ಅಡಿಕೆ ತೋಟಗಳ ಮೇಲೆ ಕೂತಿತು. ಒಬ್ಬ ಮಹಿಳೆ ಮಣ್ಣಿನಡಿ ಸಿಕ್ಕಿ ತೀರಿಕೊಂಡರು. ಅರಬೈಲ್ ಘಟ್ಟದಲ್ಲಿ ಧರೆ ಕುಸಿದು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಬಂದಾಯಿತು. ಘಟ್ಟದ ಬುಡದ ಗುಳ್ಳಾಪುರದಲ್ಲಿ ಗಂಗಾವಳಿಗೆ ಕಟ್ಟಿದ್ದ ಸೇತುವೆ ಕೊಚ್ಚಿಹೋಗಿ, ಆಚೆ ದಡದ ಹಳವಳ್ಳಿ ಸೀಮೆಯ ಊರುಗಳು ಆಚೆಯೇ ಉಳಿದವು. ಜುಲೈ 28ರಂದು ಮುಖ್ಯಮಂತ್ರಿಯಾದ ಬಸವರಾಜ ಬೊಮ್ಮಾಯಿ ಮರುದಿನವೇ ಇಲ್ಲಿಗೆ ಬಂದರು. ಎಷ್ಟು ಮನೆ ಬಿತ್ತು, ಎಷ್ಟು ಎಕರೆ ತೋಟ ಹೋಯಿತು, ರಸ್ತೆಗೆ ಎಷ್ಟು ಕೋಟಿ ಬೇಕು ಎಂಬ ಲೆಕ್ಕ ಶುರುವಾಯಿತು.

ಆ ಲೆಕ್ಕದಲ್ಲಿ ಒಂದು ಕಾಲಂ ಇರಲಿಲ್ಲ. ದಾರಿ ಬಂದಾಗಿದ್ದ ದಿನಗಳಲ್ಲಿ ಆಸ್ಪತ್ರೆಗೆ ಹೋಗಬೇಕಿದ್ದವರು ಎಷ್ಟು ಜನ? ಅವರು ಹೋದರೇ, ಹೇಗೆ ಹೋದರು? ಇದನ್ನು ಯಾರೂ ಬರೆದಿಟ್ಟಂತಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮಟ್ಟಿಗೆ ನೈಸರ್ಗಿಕ ವಿಕೋಪದ ನಿಜವಾದ ಗಾಯ ಇರುವುದು ಬರೆಯದ ಈ ಕಾಲಮಿನಲ್ಲೇ ಎಂದು ನನಗೆ ಅನ್ನಿಸುತ್ತದೆ.

ಭೂಕಂಪಕ್ಕೂ ಭೂಕುಸಿತಕ್ಕೂ ದೊಡ್ಡ ವ್ಯತ್ಯಾಸವಿದೆ. ಭೂಕಂಪದಲ್ಲಿ ಒಬ್ಬ ಸತ್ತರೆ ಹಲವರು ಕೈಕಾಲು ಮುರಿದುಕೊಂಡು ಬದುಕುತ್ತಾರೆ. ಆಸ್ಪತ್ರೆಯ ಮುಂದೆ ಸಾಲು ಬೆಳೆಯುತ್ತದೆ. ಗುಡ್ಡ ಕುಸಿದಾಗ ಹಾಗಲ್ಲ. ಮಣ್ಣು ನೀರು ಒಟ್ಟಾಗಿ ಬರುತ್ತವೆ. ಸಿಕ್ಕವರು ಹೆಚ್ಚಾಗಿ ಉಳಿಯುವುದಿಲ್ಲ, ತಪ್ಪಿಸಿಕೊಂಡವರಿಗೆ ಹೆಚ್ಚಾಗಿ ತರಚು ಗಾಯ. 2009ರ ಅಕ್ಟೋಬರ್ 2ರಂದು ಕಾರವಾರದ ಹತ್ತಿರ ಕಡವಾಡದ ಜರಿವಾಡದಲ್ಲಿ ಗುಡ್ಡ ಕುಸಿದು 19 ಜನ ಹೋದರು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಚಹಾದಂಗಡಿಯನ್ನೂ ನಿಂತ ವಾಹನಗಳನ್ನೂ ಗಂಗಾವಳಿಗೆ ದೂಡಿತು. ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಒಟ್ಟು 11 ಜನ. ಕೇರಳದ ಲಾರಿಯೊಂದು ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, ಚಾಲಕನ ದೇಹದೊಂದಿಗೆ. ಇಬ್ಬರ ದೇಹ ಆಗಲೂ ಸಿಕ್ಕಿರಲಿಲ್ಲ. ಇಂಥ ಕಡೆ ವೈದ್ಯರಿಗಿಂತ ಹೆಚ್ಚು ಕೆಲಸ ಮುಳುಗುಗಾರರಿಗೆ, ಜೆಸಿಬಿ ಚಾಲಕರಿಗೆ.

ಹಾಗಾದರೆ ಗುಡ್ಡ ಕುಸಿತ ಆರೋಗ್ಯದ ಪ್ರಶ್ನೆಯೇ ಅಲ್ಲವೇ? ಹೌದು, ಆದರೆ ಬೇರೊಂದು ದಿಕ್ಕಿನಿಂದ. ಅದು ಹತ್ತು ಜನರನ್ನು ಹೂತುಹಾಕಿದ ಕ್ಷಣದಲ್ಲೇ ಹತ್ತಾರು ಸಾವಿರ ಜನರ ದಾರಿಯನ್ನೂ ಹೂತುಹಾಕುತ್ತದೆ. ಮಣ್ಣಿನಿಂದ ಹತ್ತು ಹರದಾರಿ ದೂರದಲ್ಲಿ ಒಬ್ಬರಿಗೆ ಹಾವು ಕಚ್ಚುತ್ತದೆ, ಇನ್ನೊಬ್ಬರಿಗೆ ಎದೆ ನೋವು ಬರುತ್ತದೆ, ಮತ್ತೊಬ್ಬರು ಮರದಿಂದ ಬೀಳುತ್ತಾರೆ. ಇವರಲ್ಲಿ ಯಾರಾದರೂ ದಾರಿಯಿಲ್ಲದೆ ಸತ್ತರೆ ಅದು ವಿಕೋಪದ ಸಾವು ಎಂದು ದಾಖಲಾಗುವುದಿಲ್ಲ. ಹಾವು ಕಚ್ಚಿ ಸತ್ತರು, ಎದೆ ನೋವಿನಿಂದ ಸತ್ತರು ಎಂದಷ್ಟೇ ಆಗುತ್ತದೆ.

ಈ ದಾರಿಗಳ ಕತೆ ಹಳೆಯದು, ಮತ್ತು ಅದು ಶುರುವಾಗುವುದು ಮನುಷ್ಯರಿಂದಲ್ಲ, ಹತ್ತಿಯಿಂದ.

ಹತ್ತೊಂಬತ್ತನೆಯ ಶತಮಾನದ ಲಿವರ್‌ಪೂಲ್ ಪೇಟೆಯಲ್ಲಿ ‘ಕೂಂಪ್ಟಾ’ ಎಂಬ ಹೆಸರಿನ ಹತ್ತಿ ಮಾರಾಟವಾಗುತ್ತಿತ್ತು. ಅದು ನಮ್ಮ ಕುಮಟಾ. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿನ ಮಳೆಗೆ ಹತ್ತಿಯ ಗಿಡ ನಿಲ್ಲುವುದೇ ಕಷ್ಟ. ಬೆಳೆದದ್ದು ಧಾರವಾಡ, ಹುಬ್ಬಳ್ಳಿಯ ಎರೆಹೊಲಗಳಲ್ಲಿ. ಹೇರೆತ್ತುಗಳ ಮೇಲೆ, ಆಮೇಲೆ ಗಾಡಿಗಳಲ್ಲಿ, ಶಿರಸಿಯ ಮೇಲೆ ಹಾದು ದೇವಿಮನೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂದು ಹಡಗು ಹತ್ತುತ್ತಿತ್ತು. ಹಡಗು ಹತ್ತಿದ ಊರಿನ ಹೆಸರೇ ಹತ್ತಿಗೆ ಅಂಟಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿ ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಧಾರವಾಡದ ಕಡೆ ನೋಡಿದವು. ಆಗ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಬಂದರುಗಳಿದ್ದ ಕರಾವಳಿ ಮದರಾಸು ಪ್ರಾಂತ್ಯದಲ್ಲಿ. ಹತ್ತಿ ಬೆಳೆಯುವವನೊಬ್ಬ, ಬಂದರು ಆಳುವವನೊಬ್ಬ. ಮುಂಬಯಿಯ ವರ್ತಕರು ಬಿಡಲಿಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. ಕಾರವಾರ ಜಿಲ್ಲಾ ಕೇಂದ್ರವಾಯಿತು, ಬಂದರಾಗಿ ಬೆಳೆಯುವ ಕನಸೂ ಅದಕ್ಕೆ ಬಂತು. ಅರಬೈಲ್, ಕೈಗಾ, ದೇವಿಮನೆ — ಒಂದೊಂದು ಘಟ್ಟದಲ್ಲೂ ಗಾಡಿ ಇಳಿಯುವಂತೆ ದಾರಿ ಕಡಿಯುವ ಮಾತು ಬಂದದ್ದು, ಕೆಲಸ ನಡೆದದ್ದು ಹೆಚ್ಚಾಗಿ ಈ ಹತ್ತಿಗಾಗಿ.

ಕನಸು ಬಹಳ ದಿನ ನಿಲ್ಲಲಿಲ್ಲ. 1880ರ ದಶಕದಲ್ಲಿ ರೈಲು ಗೋವೆಯ ಮರ್ಮಗೋವಾಕ್ಕೆ ಹೋಯಿತು, ಹತ್ತಿಯೂ ಅದರ ಹಿಂದೆ ಹೋಯಿತು. ಕಾರವಾರದ ಪಾಲಿಗೆ ಉಳಿದದ್ದು ಕಚೇರಿಗಳು. ಘಟ್ಟದ ಮೇಲಿನವರ ಪಾಲಿಗೆ ಉಳಿದದ್ದು ಒಂದು ವಿಚಿತ್ರ ಭೂಗೋಳ: ಕಾಗದಪತ್ರಕ್ಕೆ ಪಶ್ಚಿಮಕ್ಕೆ ಇಳಿ, ಜೀವಕ್ಕೆ ಪೂರ್ವಕ್ಕೆ ಏರು. ಜಿಲ್ಲಾಧಿಕಾರಿ ಕಾರವಾರದಲ್ಲಿ, ಡಾಕ್ಟರು ಹುಬ್ಬಳ್ಳಿಯಲ್ಲಿ.

ಡಾಕ್ಟರು ಹುಬ್ಬಳ್ಳಿಯಲ್ಲಿ ಎಂಬುದಕ್ಕೂ ಒಂದು ಇತಿಹಾಸವಿದೆ. ಘಟ್ಟದ ಮೇಲಿನ ಈ ಸೀಮೆಯನ್ನು ಕಾಡಿದ ದೊಡ್ಡ ಶತ್ರು ಬಹುಕಾಲ ಮಲೇರಿಯಾ. ಊರಿಗೆ ಊರೇ ಬರಿದಾದ ಕತೆಗಳನ್ನು ಅಜ್ಜ ಅಜ್ಜಿಯರು ಹೇಳುತ್ತಿದ್ದರು. 1946ರ ಸುಮಾರಿಗೆ ಮುಂಬಯಿ ಪ್ರಾಂತ್ಯದ ಮಲೇರಿಯಾ ತಜ್ಞ ಡಿ.ಕೆ. ವಿಶ್ವನಾಥನ್ ಮತ್ತು ಅವರ ಸಂಗಡಿಗರು ಹಳ್ಳಿಹಳ್ಳಿಯ ಮನೆಗೋಡೆಗೆ ಡಿಡಿಟಿ ಹೊಡೆಸುವ ಕೆಲಸ ಶುರು ಮಾಡಿದರು. ಅದಕ್ಕೆ ಅವರು ಆರಿಸಿಕೊಂಡದ್ದು ಎರಡು ಜಿಲ್ಲೆ — ಧಾರವಾಡ ಮತ್ತು ಕೆನರಾ. ಭಾರತದಲ್ಲಿ ಗ್ರಾಮೀಣ ಮಲೇರಿಯಾದ ವಿರುದ್ಧ ಡಿಡಿಟಿಯನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಬಳಸಿದ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಒಂದು ಮಾತನ್ನು ಇಲ್ಲಿ ಗಮನಿಸಬೇಕು: ಆ ಸಲ ಆರೋಗ್ಯ ವ್ಯವಸ್ಥೆ ಪಂಪು ಹೊತ್ತು ಮನೆಯ ಜಗುಲಿಗೆ ಬಂದಿತ್ತು. ಆಮೇಲೆ ಬಂದ ಕಾಲ ಆಸ್ಪತ್ರೆಗಳ ಕಾಲ. ರೋಗಿಯೇ ಅಲ್ಲಿಗೆ ಹೋಗಬೇಕಾದ ಕಾಲ.

1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಮರುವರ್ಷ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ತೆರೆಯಿತು. ನಮ್ಮ ಜನ ಇಂದಿಗೂ ‘ಕಿಮ್ಸ್’ ಎನ್ನುವುದು ಇದನ್ನೇ. ದಕ್ಷಿಣಕ್ಕೆ ಮಣಿಪಾಲದ ಕಾಲೇಜು 1953ರಲ್ಲೇ ಶುರುವಾಗಿತ್ತು. ಉತ್ತರಕ್ಕೆ ಗೋವೆಯಲ್ಲಿ ಪೋರ್ಚುಗೀಸರು 1842ರಲ್ಲೇ ವೈದ್ಯಕೀಯ ಶಾಲೆ ತೆರೆದಿದ್ದರು. ಜಿಲ್ಲೆಯ ಸುತ್ತ ಮೂರು ದಿಕ್ಕಿಗೂ ದೊಡ್ಡ ಆಸ್ಪತ್ರೆಗಳು ಎದ್ದವು, ನಡುವೆ ಕಾಡು ಉಳಿಯಿತು. ಸುತ್ತಲೂ ಇದ್ದದ್ದೇ ಒಳಗೆ ಇಲ್ಲದಿರುವುದಕ್ಕೆ ನೆಪವೂ ಆಯಿತೇನೋ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು ಈಚಿನ ಹತ್ತು ಹನ್ನೆರಡು ವರ್ಷಗಳ ಮಾತು. ಅದೂ ಘಟ್ಟದ ಕೆಳಗೆ. ಸಿದ್ದಾಪುರದವರಿಗೆ ಅದಕ್ಕಿಂತ ಶಿವಮೊಗ್ಗೆಯೇ ಹತ್ತಿರ.

ಘಟ್ಟದ ಮೇಲೆ ಏನೂ ಇರಲಿಲ್ಲವೆಂದಲ್ಲ. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆ ಮೂರು ತಾಲ್ಲೂಕಿನ ಹೆರಿಗೆ, ಜ್ವರ, ಮುರಿತಗಳನ್ನು ತಲೆಮಾರುಗಳಿಂದ ನೋಡಿಕೊಂಡು ಬಂದಿದೆ. ಅಡಿಕೆ ಬೆಳೆಗಾರರು 1923ರಲ್ಲಿ ಕಟ್ಟಿಕೊಂಡ ತೋಟಗಾರ್ಸ್ ಸೇಲ್ ಸೊಸೈಟಿ, ಅಡಿಕೆ ಮಾರುವ ಸಂಘವಾಗಿ ಹುಟ್ಟಿದ್ದು, ಮುಂದೆ ಶಿರಸಿಯಲ್ಲಿ ಆಸ್ಪತ್ರೆಯನ್ನೇ ಕಟ್ಟಿತು. ಸರ್ಕಾರ ಬರಲಿ ಎಂದು ಕಾಯದೆ ಬೆಳೆಗಾರರೇ ಆಸ್ಪತ್ರೆ ಕಟ್ಟಿಕೊಂಡದ್ದು ಸಣ್ಣ ಸಂಗತಿಯಲ್ಲ. ಆದರೆ ತಲೆಗೆ ಏಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟಿದರೆ, ಬೆನ್ನುಹುರಿ ಜಖಂ ಆದರೆ, ಇಡೀ ಬಸ್ಸೇ ಮಗುಚಿದರೆ, ತಾಲ್ಲೂಕು ಕೇಂದ್ರಗಳಲ್ಲಿ ಒಂದೇ ಮಾತು. ಹವ್ಯಕರ ಮನೆಯ ಫೋನಿನಲ್ಲಿ ಅದು ಹೀಗೆ ಕೇಳಿಸುತ್ತದೆ: “ಹುಬ್ಬಳ್ಳಿಗೆ ಕಳ್ಸಿದ್ವಡ.” ಆ ‘ಅಡ’ದಲ್ಲಿ, ಅಂದರೆ ‘ಅಂತೆ’ಯಲ್ಲಿ, ಮನೆಯವರಿಗೆ ಅರ್ಥವಾಗಬೇಕಾದದ್ದೆಲ್ಲ ಅರ್ಥವಾಗುತ್ತದೆ.

ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು 70 ಕಿಲೋಮೀಟರು, ಶಿರಸಿಯಿಂದ ಸುಮಾರು 100. ವೈದ್ಯರು ಅಪಘಾತದ ಮೊದಲ ಒಂದು ಗಂಟೆಯನ್ನು ‘ಗೋಲ್ಡನ್ ಅವರ್’ ಎನ್ನುತ್ತಾರೆ. ಈ ಮಾತನ್ನು ಜನಪ್ರಿಯ ಮಾಡಿದವರು ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ. ಗಂಟೆಗೆ ಸರಿಯಾಗಿ ಅರವತ್ತೇ ನಿಮಿಷ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲವೆಂದು ಆಮೇಲಿನವರು ತಕರಾರು ತೆಗೆದರು. ಆದರೆ ರಕ್ತ ಸೋರುತ್ತಿರುವವನಿಗೆ ಬೇಗ ಸಿಕ್ಕ ಆಸ್ಪತ್ರೆಯೇ ಒಳ್ಳೆಯದು ಎಂಬುದರಲ್ಲಿ ತಕರಾರಿಲ್ಲ. ಕೌಲಿಯ ರಾಜ್ಯದಲ್ಲಿ 1970ರಿಂದ ಪೊಲೀಸರ ಹೆಲಿಕಾಪ್ಟರು ಗಾಯಾಳುಗಳನ್ನು ಎತ್ತಿಕೊಂಡು ಹೋಗುತ್ತಿತ್ತು. ನಮ್ಮಲ್ಲಿ ಆ ಗಂಟೆಯ ದೊಡ್ಡ ಪಾಲು ಮನೆಯಿಂದ ಡಾಂಬರು ರಸ್ತೆಗೆ ಬರುವುದರಲ್ಲೇ ಮುಗಿಯುತ್ತದೆ.

ಆ ದಾರಿಯ ಬಗ್ಗೆ ಸ್ವಲ್ಪ ಹೇಳಬೇಕು. ಈ ಮೂರು ತಾಲ್ಲೂಕುಗಳ ಪೇಟೆಗಳು ಸಪಾಟು ನೆಲದ ಮೇಲಿವೆ. ಆದರೆ ಪಶ್ಚಿಮದ ಊರುಗಳು, ಯಲ್ಲಾಪುರದ ಕಳಚೆ, ಶಿರಸಿಯ ಮತ್ತಿಘಟ್ಟ, ಸಿದ್ದಾಪುರದ ನಿಲ್ಕುಂದ ಇಂಥವು, ಘಟ್ಟದ ಅಂಚಿನಲ್ಲಿವೆ. ಅಲ್ಲಿ ಊರು ಎಂದರೆ ಒಂದು ಕೇರಿಯಲ್ಲ. ಒಂದೊಂದು ಕಣಿವೆಗೆ ಒಂದೊಂದು ಮನೆ, ಕೆಳಗೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ. ಮಳೆಗಾಲದಲ್ಲಿ ಕಾಯಿಲೆ ಬಿದ್ದವರನ್ನು ರಸ್ತೆಗೆ ತರುವ ವಾಹನ ಕಂಬಳಿ. ಗಟ್ಟಿ ಬಿದಿರಿನ ಗಳಕ್ಕೆ ಕಂಬಳಿಯ ಎರಡು ತುದಿ ಕಟ್ಟಿ, ನಡುವಿನ ಜೋಲಿಯಲ್ಲಿ ರೋಗಿಯನ್ನು ಮಲಗಿಸಿ, ಹಿಂದೆ ಮುಂದೆ ಹೆಗಲು ಕೊಟ್ಟು ನಡೆಯುವುದು. ಹೆಗಲು ಬದಲಿಸಲು ನಾಲ್ಕು ಜನ ಜೊತೆಗೆ. ಒಬ್ಬನ ಕೈಯಲ್ಲಿ ಕತ್ತಿ, ದಾರಿಗಡ್ಡ ಬಿದ್ದ ಕೊಂಬೆ ಕಡಿಯಲು. ನಮ್ಮ ಸೀಮೆಯ ಮೊದಲ ಆಂಬುಲೆನ್ಸ್ ಇದು. ಒಳನಾಡಿನ ಕೆಲವು ಕಡೆ ಕೊನೆಯದೂ ಇದೇ.

ಚಿಕ್ಕಂದಿನಲ್ಲಿ ನಾನು ನೋಡಿದ ಒಂದು ಜೋಲಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ನೆರೆಯ ತೋಟದಲ್ಲಿ ಕೊನೆಗೌಡ ಮರದಿಂದ ಬಿದ್ದಿದ್ದ. ಕೊನೆಗೌಡ ಎಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವನು, ಮದ್ದು ಹೊಡೆಯುವವನು. ನಲವತ್ತು ಐವತ್ತು ಅಡಿ ಎತ್ತರದ ಮರದ ತುದಿಯಲ್ಲಿ ಕೂತು, ಮರವನ್ನೇ ಬಾಗಿಸಿ ಪಕ್ಕದ ಮರ ಹಿಡಿದು ದಾಟಿಕೊಳ್ಳುವವನು. ಕೊಳೆ ರೋಗ ತಡೆಯಲು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ ಹೊಡೆಯಬೇಕು, ಆಮೇಲೆ ಒಂದೂವರೆ ತಿಂಗಳೊಳಗೆ ಇನ್ನೊಮ್ಮೆ. ಆ ಎರಡನೆಯ ಮದ್ದು ಬರುವುದು ಜುಲೈ, ಆಗಸ್ಟಿನಲ್ಲಿ. ಹಾವಸೆ ಕಟ್ಟಿ ಜಾರುವ ಮರ, ಬಿಡುವು ಕೊಟ್ಟಂತೆ ಮಾಡಿ ಮತ್ತೆ ಬರುವ ಮಳೆ. ಅಂದರೆ ಗುಡ್ಡ ಕುಸಿಯುವ ಕಾಲವೂ ಮರದಿಂದ ಬೀಳುವ ಕಾಲವೂ ಒಂದೇ. ವಿಕೋಪಕ್ಕೆ ಸಿದ್ಧತೆ ಎಂದು ಕಡತದಲ್ಲಿ ಬರೆಯುವವರಿಗೆ ಇದು ಹೊಳೆಯುವುದು ಕಷ್ಟ, ತೋಟದವರಿಗೆ ಹೇಳಿಕೊಡಬೇಕಾಗಿಲ್ಲ.

ಅವನನ್ನು ಕಂಬಳಿಯಲ್ಲಿ ಹೊತ್ತರು. ಹೊತ್ತವರೆಲ್ಲ ಅವನ ಮೇಲೆ ಜೀವ ಇಟ್ಟಿದ್ದವರೇ. ಕಂಬಳಿಯ ಜೋಲಿಯಲ್ಲಿ ಮನುಷ್ಯ ಬಿಲ್ಲಿನಂತೆ ಬಾಗುತ್ತಾನೆ. ಮುರಿದ ಬೆನ್ನಿಗೆ ಅದಕ್ಕಿಂತ ಕೆಟ್ಟ ಭಂಗಿ ಇನ್ನೊಂದಿಲ್ಲ. ಮೂಳೆ ಮುರಿದರೂ ಉಳಿದಿರಬಹುದಾದ ಬೆನ್ನುಹುರಿ ಆ ಬಾಗಿನಲ್ಲಿ ಜಜ್ಜಿಹೋಗಬಹುದು. ಅವನು ಬದುಕಿದ, ಮತ್ತೆ ನಡೆಯಲಿಲ್ಲ. ಬಿದ್ದಾಗಲೇ ಹಾಗಾಯಿತೋ ಹೊತ್ತಾಗ ಆಯಿತೋ ಯಾರು ಹೇಳಬಲ್ಲರು? ಅಡಿಕೆ ದಬ್ಬೆ ಪ್ರತಿ ಮನೆಯ ಹಿತ್ತಿಲಲ್ಲೂ ಬಿದ್ದಿರುತ್ತದೆ. ನಾಲ್ಕು ದಬ್ಬೆ ಜೋಡಿಸಿ ಕಟ್ಟಿದರೆ ನೆಟ್ಟಗೆ ಮಲಗಿಸಿ ಒಯ್ಯಲು ಅದಕ್ಕಿಂತ ಒಳ್ಳೆಯ ಹಲಗೆ ಬೇಡ. ಬಹಳ ವರ್ಷಗಳ ನಂತರ ಊರಿನ ಹಿರಿಯರೊಬ್ಬರಲ್ಲಿ ಇದನ್ನು ಹೇಳಿದೆ. ಅವರು ನನ್ನ ಮುಖ ನೋಡಿ, “ಅದು ಚಟ್ಟ ಅಲ್ದನಾ ತಮಾ?” ಎಂದರು. ನನಗೆ ಮಾತು ಬರಲಿಲ್ಲ. ದಬ್ಬೆ ಜೋಡಿಸಿ ಕಟ್ಟುವುದು ಸತ್ತವರಿಗೆ. ಜೀವ ಇರುವವರನ್ನು ಅದರ ಮೇಲೆ ಮಲಗಿಸಲು ಯಾರ ಕೈ ಬರುತ್ತದೆ? ಪ್ರಥಮ ಚಿಕಿತ್ಸೆಯ ತರಬೇತಿ ಕೊಡುವವರು ಎಲುಬಿನ ಚಿತ್ರ ತೋರಿಸುತ್ತಾರೆ, ಈ ಚಟ್ಟದ ಮಾತು ಆಡುವುದಿಲ್ಲ.

ಮಣ್ಣಿನಡಿಯಿಂದ ಎಳೆದವರ ವಿಷಯದಲ್ಲೂ ಇಂಥದೇ ಒಂದು ಪಾಠವಿದೆ. 1941ರಲ್ಲಿ ಲಂಡನ್ನಿನ ಮೇಲೆ ಜರ್ಮನ್ ಬಾಂಬು ಬೀಳುತ್ತಿದ್ದಾಗ ಎರಿಕ್ ಬೈವಾಟರ್ಸ್ ಎಂಬ ವೈದ್ಯ ಒಂದು ವಿಚಿತ್ರ ಗಮನಿಸಿದರು. ಗೋಡೆಯಡಿ ಗಂಟೆಗಟ್ಟಲೆ ಕಾಲು ಸಿಕ್ಕಿಹಾಕಿಕೊಂಡಿದ್ದವರನ್ನು ಬಿಡಿಸಿ ತಂದಾಗ ಚೆನ್ನಾಗಿಯೇ ಇರುತ್ತಿದ್ದರು; ಕೆಲ ದಿನಗಳಲ್ಲಿ ಮೂತ್ರ ನಿಂತು ಸಾಯುತ್ತಿದ್ದರು. ಜಜ್ಜಿದ ಸ್ನಾಯುವಿನ ವಿಷ, ಭಾರ ಎತ್ತಿದೊಡನೆ ರಕ್ತಕ್ಕೆ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತಿತ್ತು. ಇಂದಿನ ರೂಢಿಯೆಂದರೆ ಸಾಧ್ಯವಾದರೆ ಭಾರ ಎತ್ತುವ ಮೊದಲೇ ರಕ್ತನಾಳಕ್ಕೆ ಸಲೈನ್ ಕೊಡಲು ಶುರು ಮಾಡಬೇಕು. ಲಂಡನ್ನಿನಲ್ಲಿ ಅದನ್ನು ಕಲಿತು ಎಂಟು ದಶಕವಾಯಿತು. ಆದರೆ ಘಟ್ಟದಲ್ಲಿ ಮೊದಲು ಗುದ್ದಲಿ ಹಿಡಿಯುವವರು ಪಕ್ಕದ ಮನೆಯವರು. ಎನ್‌ಡಿಆರ್‌ಎಫ್ ಬರುವ ಹೊತ್ತಿಗೆ ಹೊರಗೆ ಬರಬೇಕಾದವರು ಬಂದಾಗಿರುತ್ತದೆ. ಸಲೈನಿನ ಬಾಟಲಿ ಇರಬೇಕಾದದ್ದು ಊರಿನ ಉಪಕೇಂದ್ರದಲ್ಲಿ, ಗೊತ್ತಿರಬೇಕಾದದ್ದು ಅಲ್ಲಿನ ನರ್ಸ್‌ಗೆ, ಆಶಾ ಕಾರ್ಯಕರ್ತೆಗೆ. ಹುಬ್ಬಳ್ಳಿಯಲ್ಲಿ ಎಷ್ಟು ದೊಡ್ಡ ಐಸಿಯು ಇದ್ದರೂ ಈ ಒಂದು ಬಾಟಲಿಯ ಕೆಲಸವನ್ನು ಅದು ಮಾಡಲಾರದು.

2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆರೋಗ್ಯ ಕವಚ ಶುರುವಾದಾಗ ನಮ್ಮ ಕಡೆ ದೊಡ್ಡ ಬದಲಾವಣೆಯೇ ಆಯಿತು. ಜೀಪು ಬಾಡಿಗೆಗೆ ಹಣ ಹೊಂದಿಸುವ ಪರದಾಟ ತಪ್ಪಿತು. ಆದರೆ 108ಕ್ಕೆ ಕರೆ ಹೋಗಲು ಸಿಗ್ನಲ್ ಬೇಕು. ಸಿಗ್ನಲ್‌ಗೆ ಟವರು, ಟವರಿಗೆ ಕರೆಂಟು. ಮರ ಬಿದ್ದು ಕರೆಂಟು ಹೋದರೆ ಟವರಿನ ಬ್ಯಾಟರಿ ಇಳಿಯುವವರೆಗೆ ಮಾತು, ಆಮೇಲೆ ಮೌನ. ಜೋರು ಮಳೆಯ ಮೂರನೆಯ ದಿನ ಯಾರಾದರೂ ಗುಡ್ಡದ ನೆತ್ತಿಗೆ ಹೋಗಿ ಫೋನು ಎತ್ತಿ ಹಿಡಿದು ನಿಂತದ್ದು ಕಂಡರೆ, ಯಾರ ಮನೆಯಲ್ಲಿ ಏನಾಯಿತು ಎಂದು ಕೆಳಗಿನವರು ಕೂಗಿ ಕೇಳುತ್ತಾರೆ.

ಇದೇ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಸಿದ್ಧತೆಯೂ ಇದೆ. ಕೈಗಾ ಅಣುಸ್ಥಾವರದಲ್ಲಿ ಅವಘಡವಾದರೆ ಸುತ್ತಲಿನ ಊರುಗಳನ್ನು ಹೇಗೆ ತೆರವು ಮಾಡಬೇಕು ಎಂಬ ಯೋಜನೆಯಿದೆ. ನಕ್ಷೆ, ದಾರಿ, ಬಸ್ಸು, ಸೇರಬೇಕಾದ ಜಾಗ ಎಲ್ಲ ಇಟ್ಟುಕೊಂಡು ಆಗಾಗ ಅಣಕು ಕಾರ್ಯಾಚರಣೆ ನಡೆಸುತ್ತಾರೆ. ನಡೆಯಲಿ, ಬೇಕಾದದ್ದೇ. ಆದರೆ ಆಗದೇ ಇರಲಿ ಎಂದು ಎಲ್ಲರೂ ಬೇಡಿಕೊಳ್ಳುವ ಅವಘಡಕ್ಕೆ ಇರುವ ಅಭ್ಯಾಸ, ವರ್ಷ ವರ್ಷ ತಪ್ಪದೆ ಬರುವ ಪುಷ್ಯ ಮಳೆಗೆ ಯಾಕಿಲ್ಲ? ಅರಬೈಲ್ ಬಂದಾದರೆ ಗುಳ್ಳಾಪುರದ ಗಾಯಾಳುವನ್ನು ಯಾವ ಕಡೆಗೆ ಒಯ್ಯಬೇಕು, ದೇವಿಮನೆಯೂ ಬಂದಾದರೆ ಎಲ್ಲಿಗೆ, ಯಾವ ಆಸ್ಪತ್ರೆಯಲ್ಲಿ ಆ ದಿನ ಯಾವ ಶಸ್ತ್ರವೈದ್ಯರಿದ್ದಾರೆ — ಇದೂ ಒಂದು ನಕ್ಷೆಯೇ. 1995ರ ಜನವರಿಯಲ್ಲಿ ಜಪಾನಿನ ಕೋಬೆ ನಗರ ನಡುಗಿದ ಮೇಲೆ, ಸಕಾಲಕ್ಕೆ ಸರಿಯಾದ ಚಿಕಿತ್ಸೆ ಸಿಕ್ಕಿದ್ದರೆ ಸುಮಾರು 500 ಜನ ಬದುಕುತ್ತಿದ್ದರು ಎಂದು ಅಲ್ಲಿನವರು ಅಂದಾಜು ಮಾಡಿ ಬಹಿರಂಗವಾಗಿ ಒಪ್ಪಿಕೊಂಡರು. ಆ ಒಪ್ಪಿಗೆಯ ಫಲವಾಗಿ 2005ರಲ್ಲಿ ತರಬೇತಾದ ವಿಕೋಪ ವೈದ್ಯಕೀಯ ತಂಡಗಳು ಹುಟ್ಟಿದವು. ನಮ್ಮಲ್ಲಿ ಮೊದಲು ಆಗಬೇಕಾದದ್ದು ಆ ಎಣಿಕೆ.

ಎಣಿಸದಿದ್ದರೂ ಜನರಿಗೆ ಗೊತ್ತಿತ್ತು. 2019ರ ಜೂನಿನಲ್ಲಿ ಜಿಲ್ಲೆಯ ಹುಡುಗ ಹುಡುಗಿಯರು ಉತ್ತರ ಕನ್ನಡಕ್ಕೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಎಂದು ಸಾಮಾಜಿಕ ಜಾಲತಾಣಗಳಲ್ಲಿ ಕೂಗೆಬ್ಬಿಸಿದರು. 2021ರ ಜನವರಿ 11ರಂದು ಯಲ್ಲಾಪುರದಿಂದ ಗೋಕರ್ಣಕ್ಕೆ ಹೊರಟಿದ್ದ ಕೇಂದ್ರ ಸಚಿವ ಶ್ರೀಪಾದ ನಾಯಕರ ಕಾರು ಅಂಕೋಲಾ ತಾಲ್ಲೂಕಿನಲ್ಲಿ ಮಗುಚಿತು. ಅವರ ಪತ್ನಿ ಮತ್ತು ಆಪ್ತ ಸಹಾಯಕರು ತೀರಿಕೊಂಡರು, ಗಾಯಗೊಂಡ ಸಚಿವರನ್ನು ಗೋವೆಯ ವೈದ್ಯಕೀಯ ಕಾಲೇಜಿಗೆ ಒಯ್ದರು. ಅವರು ಗೋವೆಯವರೇ ನಿಜ. ಆದರೆ ಮಂತ್ರಿಯ ದಾರಿಯೂ ನಮ್ಮ ದಾರಿಯೂ ಒಂದೇ ಎಂದು ಆ ದಿನ ಪೇಟೆಯ ಕಟ್ಟೆಗಳಲ್ಲಿ ಜನ ಮಾತಾಡಿಕೊಂಡರು.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕುಂದಾಪುರದ ಕಡೆ ಒಯ್ಯುತ್ತಿದ್ದ ಆಂಬುಲೆನ್ಸ್, ಬೈಂದೂರಿನ ಹತ್ತಿರದ ಟೋಲ್ ಗೇಟಿನಲ್ಲಿ ಒದ್ದೆ ರಸ್ತೆಯ ಮೇಲೆ ಜಾರಿ ತಿರುಗಿ ಅಪ್ಪಳಿಸಿತು. ನಾಲ್ಕು ಜನ ಹೋದರು. ಆ ಊರಿನ ಹೆಸರೂ ಶಿರೂರು. ಎರಡು ಜಿಲ್ಲೆ, ಎರಡು ಶಿರೂರು, ಒಂದೇ ಹೆದ್ದಾರಿ, ಎರಡೂ ಜುಲೈ. ಒಂದರಲ್ಲಿ ಆಸ್ಪತ್ರೆ ದೂರವಿದ್ದದ್ದಕ್ಕೆ ಸತ್ತರು. ಇನ್ನೊಂದರಲ್ಲಿ ರಸ್ತೆ ಅಗಲ ಮಾಡಲು ಗುಡ್ಡದ ಬುಡ ಕಡಿದಿದ್ದರು. ನಮ್ಮ ತೊಡಕು ಇರುವುದು ಈ ಎರಡರ ನಡುವೆ. ದೂರದ ಆಸ್ಪತ್ರೆಗೆ ಬೇಗ ಹೋಗಲು ರಸ್ತೆ ಅಗಲವಾಗಬೇಕು. ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಸೀಳಬೇಕು. ಸೀಳಿದ ಗುಡ್ಡ ಮಳೆಗೆ ಕುಸಿದು ರಸ್ತೆಯನ್ನೇ ಮುಚ್ಚುತ್ತದೆ. ಹತ್ತಿಯ ಗಾಡಿಗಾಗಿ ದಾರಿ ಕಡಿದವರು ಎತ್ತಿನ ಶಕ್ತಿಗೆ ತಕ್ಕಂತೆ ಗುಡ್ಡವನ್ನು ಬಳಸಿ ಬಳಸಿ ಹೋದರು. ನಮಗೆ ಅಷ್ಟು ಹೊತ್ತಿಲ್ಲ. ಆಸ್ಪತ್ರೆ ಹತ್ತಿರವಿದ್ದರೆ ಆ ಅವಸರದಲ್ಲಿ ಅರ್ಧ ಇಳಿಯುತ್ತಿತ್ತೇನೋ.

ಹಾಗೆಂದು ಆಸ್ಪತ್ರೆಯ ಕಟ್ಟಡ ಎದ್ದರೆ ಮುಗಿಯಿತು ಎಂದು ನಾನು ನಂಬುವುದಿಲ್ಲ. 2024ರ ಜುಲೈ 30ರಂದು, ನಮ್ಮ ಶಿರೂರಿನ ಎರಡು ವಾರದ ಮೇಲೆ, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದವು. ಅಲ್ಲಿ ಮೇಪ್ಪಾಡಿಯಲ್ಲೇ ಒಂದು ಖಾಸಗಿ ವೈದ್ಯಕೀಯ ಕಾಲೇಜಿತ್ತು. ಆಸ್ಪತ್ರೆ ಹತ್ತಿರವೇ ಇತ್ತು, ನಡುವೆ ಹೊಳೆಯಿತ್ತು. ಹಗ್ಗ ಕಟ್ಟಿ, ತಾತ್ಕಾಲಿಕ ಸಂಕ ಹಾಕಿ ಗಾಯಾಳುಗಳನ್ನು ದಾಟಿಸಿದರು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಸೈನಿಕರು 190 ಅಡಿಯ ಬೈಲಿ ಸೇತುವೆ ಕಟ್ಟಿ ಮುಗಿಸಿದ್ದು ಆಗಸ್ಟ್ 1ರ ಸಂಜೆ. ಆ ಸುದ್ದಿ ಓದುವಾಗ ನನಗೆ ನೆನಪಾದದ್ದು ಗುಳ್ಳಾಪುರದ ದಡದಲ್ಲಿ ನಿಂತು ಹಳವಳ್ಳಿಯ ಕಡೆ ನೋಡುತ್ತಿದ್ದವರು.

ಕಳೆದ ಕೆಲವು ವರ್ಷಗಳಲ್ಲಿ ಶಿರಸಿಗೆ ಹೊಸ ಆಸ್ಪತ್ರೆ ಕಟ್ಟಡದ ಮಾತು ಬಂತು, ಕೆಲಸ ಬಂತು, ಅದರ ಸುತ್ತ ಜಗಳವೂ ಬಂತು. ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಘಟ್ಟ ಇಳಿದಿಲ್ಲ. ಕಳಚೆಯವರಲ್ಲಿ ಕೆಲವರು ಬೇರೆ ಕಡೆ ಜಾಗ ಕೊಡಿ ಎಂದರು, ಕೆಲವರು ತೋಟ ಬಿಟ್ಟು ಎಲ್ಲಿಗೆ ಹೋಗಲಿ ಎಂದರು. ಮಳೆಗಾಲ ಹತ್ತಿರ ಬಂದರೆ ಒಳಗಿನ ಊರುಗಳ ಬಸುರಿಯರನ್ನು ಮೊದಲೇ ಪೇಟೆಯ ನೆಂಟರ ಮನೆಗೆ ಕಳಿಸುವ ರೂಢಿ ಮಾತ್ರ ಯಾರೂ ಹೇಳದೆಯೇ ನಡೆದುಕೊಂಡು ಬಂದಿದೆ.

2025ರ ಜನವರಿ 22, ಬುಧವಾರ. ಮಳೆಯಿಲ್ಲ, ಧರೆ ಕುಸಿದಿಲ್ಲ, ದಾರಿ ತೆರೆದೇ ಇತ್ತು. ಬುಧವಾರ ಕುಮಟೆಯ ಸಂತೆ. ಸವಣೂರಿನ ಹಣ್ಣು ತರಕಾರಿ ವ್ಯಾಪಾರಿಗಳು ರಾತ್ರಿಯೇ ಮಾಲು ತುಂಬಿ, ಅದರ ಮೇಲೆ ತಾವೂ ಕೂತು, ಲಾರಿಯಲ್ಲಿ ಹೊರಟಿದ್ದರು. ಬಯಲುಸೀಮೆಯ ಬೆಳೆ ಕರಾವಳಿಗೆ ಇಳಿಯುವುದು ಹತ್ತಿಯ ಕಾಲದಿಂದ ನಡೆದು ಬಂದದ್ದೇ. ಬೆಳಕು ಹರಿಯುವ ಮೊದಲು, ಅರಬೈಲ್ ಕಡೆಯಿಂದ ಇಳಿದು ಗುಳ್ಳಾಪುರದ ಹತ್ತಿರ ಲಾರಿ ಕಂದಕಕ್ಕೆ ಉರುಳಿತು. ಹತ್ತು ಜನ ಅಲ್ಲಿ ಹೋದರು. ಉಳಿದ ಗಾಯಾಳುಗಳನ್ನು ತಾವು ಇಳಿದು ಬಂದ ಘಟ್ಟವನ್ನೇ ಹತ್ತಿಸಿ, ಯಲ್ಲಾಪುರ ದಾಟಿಸಿ, ಸುಮಾರು ತೊಂಬತ್ತು ಕಿಲೋಮೀಟರು ದೂರದ ಹುಬ್ಬಳ್ಳಿಯ ಕಿಮ್ಸಿಗೆ ಒಯ್ದರು.